ಬಿಖೀರ್ ಅಂದರೆ ನೀರು ಬಂತು ಅಂತಲ್ಲ

ಆ ವರ್ಷ ಅಣೆಕಟ್ಟಿನಿಂದ ಮೂರು ಸಲ ನೀರು ಬಿಟ್ಟರು. ಮೂರು ಸಲವೂ ತಿಮ್ದರ್ತಿನ ಜನ ಹೊಳೆಯ ಕಡೆ ಬಾಯಿ ಬಿಟ್ಟುಕೊಂಡು ನಿಂತದ್ದೇ ಬಂತು, ನೀರು ಬರಲಿಲ್ಲ.

ಮೂರನೆಯ ಸಲವಂತೂ ಹೆಂಗಸರೆಲ್ಲ ದಫ್ಫು ಹಿಡಿದು, ಬಟ್ಟಲಲ್ಲಿ ಗೋರಂಟಿ ಕಲಸಿಕೊಂಡು ಊರಿನ ಒಡ್ಡಿನ ತನಕ ನಡೆದಿದ್ದರು. ಬರುವ ನೀರಿನ ನೆತ್ತಿಗೆ ಗೋರಂಟಿ ಹಾಕಿ ಊರೊಳಕ್ಕೆ ಕರೆದುಕೊಳ್ಳುವುದು ಅಲ್ಲಿನ ರೂಢಿ, ಮದುಮಗಳನ್ನು ಹೊಸ್ತಿಲು ದಾಟಿಸುವ ಹಾಗೆ. ಬಿಸಿಲು ನೆತ್ತಿಗೇರುವ ತನಕ ಕಾದರು. ಕೊನೆಗೆ ಕಂಡದ್ದೇನು? ಹೊಳೆಯ ತಿರುವಿನಾಚೆ ಮರಳು ಒಂದಿಷ್ಟು ಕಪ್ಪಗಾಯಿತು, ಒಂದು ನಾಯಿ ಹೋಗಿ ಅದನ್ನು ಮೂಸಿ ವಾಪಸು ಬಂತು, ಅಷ್ಟೆ. ಗೋರಂಟಿ ಬಟ್ಟಲಲ್ಲೇ ಒಣಗಿತು. ಮಹ್ಜೂಬಾ ಅದನ್ನು ಒಣ ಹೊಳೆಗೆ ಬೀಸಿ ಒಗೆದಳು.

"ತಗೊಳ್ರಪ್ಪಾ, ನೀವೇ ಹಚ್ಕೊಳ್ಳಿ!" ಎಂದು ಅಣೆಕಟ್ಟಿನ ದಿಕ್ಕಿಗೆ ಮುಖ ಮಾಡಿ ಕೂಗಿದಳು. ಅಣೆಕಟ್ಟು ಎಲ್ಲಿ, ಇವಳೆಲ್ಲಿ. ಕೂಗಿದ್ದು ಹೊಳೆಯ ಎದುರು ದಂಡೆಗೆ ಬಡಿದು ಅವಳಿಗೇ ಕೇಳಿಸಿತು.

ಮಹ್ಜೂಬಾ ಊರಿನ ನೀರುಗಂಟಿ ಫರಾಜಿಯ ಹೆಂಡತಿ. ತಿಮ್ದರ್ತು ದ್ರಾ ಹೊಳೆಯ ಕಟ್ಟಕಡೆಯ ಊರು. ಮೇಲೆ ಅಣೆಕಟ್ಟು, ಅದರ ಕೆಳಗೆ ಹೊಳೆಯುದ್ದಕ್ಕೂ ಖರ್ಜೂರದ ತೋಟಗಳು, ಬಾಲದಲ್ಲಿ ಇವರು, ಇವರಾಚೆ ಬರೀ ಮರಳುಗಾಡು. ಒಣಗಿದ ಹೊಳೆ ಮೊದಲು ತಾನು ಕುಡಿಯುತ್ತದೆ, ತನಗೆ ಸಾಕಾದ ಮೇಲೆ ಮುಂದಕ್ಕೆ ಬಿಡುತ್ತದೆ. ಇದು ಆ ಕಣಿವೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಅದಕ್ಕೇ ಹಿಂದೆಲ್ಲ ಅಣೆಕಟ್ಟಿನ ಬಾಗಿಲು ತೆರೆದರೆ ಹೊಳೆಯ ಹೊಟ್ಟೆ ತುಂಬುವ ತನಕ ಮುಚ್ಚುತ್ತಿರಲಿಲ್ಲ. ದಾರಿಯ ತೂಬುಗಳನ್ನೆಲ್ಲ ಬಿಗಿದು ನೀರನ್ನು ನೇರ ಬಾಲದ ಊರಿಗೆ ನಡೆಸುತ್ತಿದ್ದರು. ಬಾಲ ಕುಡಿದ ಮೇಲೆ ಅದರ ಮೇಲಿನ ಊರು, ಆಮೇಲೆ ಅದರ ಮೇಲಿನದು, ತಲೆಗೆ ಎಲ್ಲಕ್ಕಿಂತ ಕೊನೆಗೆ. ಹೀಗಿದ್ದರೇ ನ್ಯಾಯ, ಇಲ್ಲದಿದ್ದರೆ ಮೇಲಿದ್ದವನು ಕೆಳಗಿದ್ದವನ ಮೇಲೆ ಕಾಲು ಚಾಚುತ್ತಾನೆ ಎಂದು ತಿಳಿದೇ ಹಿರಿಯರು ಈ ಕಟ್ಟಳೆ ಮಾಡಿದ್ದರು.

ಈಗ ಮೇಲಿನ ಬಯಲಿಗೆ ಕಲ್ಲಂಗಡಿ ಬಂದಿದೆ. ಎಲ್ಲಿಂದಲೋ ಬಂದ ದುಡ್ಡಿನ ಕುಳಗಳು ಹೊಳೆಯ ಪಕ್ಕದಲ್ಲೇ ಬಾವಿ ಕೊರೆಸಿ, ಕಣ್ಣು ಹಾಯುವ ತನಕ ಪ್ಲಾಸ್ಟಿಕ್ ಹಾಸಿ ಕಲ್ಲಂಗಡಿ ಹಾಕಿದ್ದಾರೆ. ಹೊಳೆಗೆ ಆಗಾಗ ಒಂದಿಷ್ಟು ನೀರು ಬಿದ್ದರೆ ಅವರ ಬಾವಿ ಊರುತ್ತದೆ. ಅದಕ್ಕೇ ಕಣಿವೆಯ ನೀರಿನ ಕಚೇರಿಯವರು ಒಂದೇ ಏಟಿಗೆ ಬಿಡುತ್ತಿದ್ದ ನೀರನ್ನು ಮುರಿದು ತುಂಡು ತುಂಡಾಗಿ ಬಿಡಲು ಶುರು ಮಾಡಿದ್ದು. ಒಂದೊಂದು ತುಂಡೂ ಮರಳಿನ ಪಾಲಿಗೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹೊಳೆಯೇ ನೆಕ್ಕಿ ಮುಗಿಸುತ್ತದೆ, ಬಾಲಕ್ಕೆ ಮುಟ್ಟುವುದೆಲ್ಲಿಂದ ಬಂತು? ತಿಮ್ದರ್ತಿನ ಪಾಲಿನ ನೀರು ಹಸಿರು ಸಿಪ್ಪೆ ಹೊದ್ದು, ಲಾರಿ ಹತ್ತಿ, ಸಮುದ್ರ ದಾಟಿ ಯಾರದೋ ಊಟದ ಮೇಜಿಗೆ ಹೋಗುತ್ತಿತ್ತು.

ಹೊಳೆ ಬರದೆ ಊರ ಬಾವಿಗಳು ಉಪ್ಪಾದವು. ಕುಡಿಯುವ ನೀರನ್ನು ಟ್ಯಾಂಕರಿನವನಿಂದ ಕೊಳ್ಳಬೇಕಾಯಿತು. ಮಹ್ಜೂಬಾ ಮೂಲೆಯಲ್ಲಿ ಒಂದು ಮಣ್ಣಿನ ಗುಡಾಣ ಇಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಸಿಹಿನೀರನ್ನು ಅತಿಥಿಗಳಿಗೆಂದೇ ಎತ್ತಿಡುತ್ತಿದ್ದಳು. ಮನೆಯವರು ಬಾವಿನೀರಿನಲ್ಲೇ ಬೇಯಿಸಿ, ಅದನ್ನೇ ಕುಡಿದು ಸುಧಾರಿಸುತ್ತಿದ್ದರು. ಮರಗಳು ಸುಧಾರಿಸಲಿಲ್ಲ. ಕೆಳಗಿನ ತೋಟದ ಖರ್ಜೂರಗಳ ಗರಿ ಜೋತು ಬಿದ್ದಿತ್ತು. ಹಿಂಗಾರಿನ ನೀರೊಂದು ಬಂದರೆ ಬದುಕುತ್ತವೆ, ಅದೂ ಬರದಿದ್ದರೆ ಬರುವ ಬೇಸಿಗೆಗೆ ಸೌದೆ. ಇದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಹೀಗಿರುವಾಗ ಒಂದು ಗುರುವಾರ ಮಹ್ಜೂಬಾಳ ತಮ್ಮ ಬೂಜಮಾ ಮೇಲಿನ ಪೇಟೆಯ ಸಂತೆಯಿಂದ ಬಂದವನು ಚಪ್ಪಲಿ ಕೂಡ ಬಿಡದೆ ನೇರ ಅಂಗಳಕ್ಕೆ ನುಗ್ಗಿದ. ಫರಾಜಿ ನೆರಳಿನಲ್ಲಿ ಕೂತು ಖರ್ಜೂರದ ನಾರಿನಲ್ಲಿ ಹಗ್ಗ ಹೊಸೆಯುತ್ತಿದ್ದ.

"ಬಾವ, ಎಂಥಾ ಕೆಲಸ ಮಾಡ್ಬಿಟ್ರಿ ನೀವು!"

"ಮೊದ್ಲು ಸಲಾಮು ಹೇಳೋ. ಆರೋಗ್ಯ ಹೇಗಿದೆ? ಮನೇಲಿ ಹೇಗಿದಾರೆ?"

"ಬಿಖೀರ್, ಎಲ್ಲಾ ಬಿಖೀರ್, ನಿಮ್ಮ ಈ ಬಿಖೀರಿಂದ್ಲೇ ನಾವು ಹಾಳಾಗಿದ್ದು! ಕಚೇರೀಲಿ ಸಭೆ ಇತ್ತು. ನಾನೂ ಹಿಂದೆ ನಿಂತಿದ್ದೆ. ಡೈರೆಕ್ಟ್ರು ಎದ್ದು ಹೇಳಿದ್ರು, ಮೂರು ಸಲ ಬಿಟ್ಟ ನೀರೂ ಬಾಲದ ತನಕ ಮುಟ್ಟಿದೆಯಂತೆ. ತಿಮ್ದರ್ತಿನೋರು ತೃಪ್ತರಂತೆ. ಅದಕ್ಕೇ ಹಿಂಗಾರಿನ ನೀರನ್ನೂ ಹಂಗೇ ತುಂಡು ಮಾಡಿ ಬಿಡ್ತಾರಂತೆ."

ಒಳಗೆ ರೊಟ್ಟಿ ತಟ್ಟುತ್ತಿದ್ದ ಮಹ್ಜೂಬಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಯಾವನ ಬಾಯಲ್ಲಿ ಬಂತೋ ಆ ಮಾತು, ತೃಪ್ತಿ ಅಂತ?"

"ಬಾವನ ಬಾಯಲ್ಲಿ, ಅಕ್ಕಾ. ನಾನು ಸುಳ್ಳು ಅಂತ ಕೂಗ್ದೆ. ಡೈರೆಕ್ಟ್ರು ನಕ್ಕುಬಿಟ್ರು. 'ನೀನ್ಯಾರಯ್ಯಾ? ನಿಮ್ಮ ನೀರುಗಂಟೀನೇ ಪ್ರತಿ ಸಲ ಫೋನಲ್ಲಿ ಬಿಖೀರ್ ಅಂದಿದಾನೆ' ಅಂದ್ರು. ಅಷ್ಟೇ ಅಲ್ಲ. 'ಅವರ ಮನೇಲಿ ನಾನೇ ಚಹಾ ಕುಡ್ದಿದೀನಿ, ಸಕ್ಕರೆ ಹಾಕೋದೇ ಬೇಡ, ಅಷ್ಟು ಸಿಹಿ ಅವರ ನೀರು' ಅಂದ್ರು."

ಫರಾಜಿಯ ಕೈಯಲ್ಲಿದ್ದ ನಾರು ನೆಲಕ್ಕೆ ಜಾರಿತು.

"ಹೌದು, ಅಂದಿದೀನಿ," ಎಂದ ಅವನು. "ಫೋನ್ ಮಾಡಿದ್ರು. ಆರೋಗ್ಯವಾ ಅಂದ್ರು, ಬಿಖೀರ್ ಅಂದೆ. ಮನೆ, ಮಕ್ಕಳು ಅಂದ್ರು, ಬಿಖೀರ್ ಅಂದೆ. ತೋಟ, ನೀರು ಅಂದ್ರು... ಬಿಖೀರ್, ದೇವರ ದಯ, ನಿಮ್ಮ ತಾಯಿ ಹೇಗಿದಾರೆ ಅಂತ ಕೇಳ್ದೆ. ಆಮೇಲೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಅವರು ಇಟ್ಬಿಟ್ರು."

ಇನ್ನೇನು ತಾನೇ ಅಂದಾನು! ಆ ಸೀಮೆಯಲ್ಲಿ ಹೇಗಿದ್ದೀರಿ ಎಂದರೆ ಬಿಖೀರ್, ಚೆನ್ನಾಗಿದ್ದೇವೆ, ಎನ್ನುವುದು ಉಸಿರಾಡಿದಷ್ಟೇ ಸಹಜ. ನಿನ್ನೆ ಮಗನನ್ನು ಮಣ್ಣು ಮಾಡಿ ಬಂದವನೂ ಮೊದಲು ಬಿಖೀರ್ ಅಂದು, ಒಂದು ಗುಟುಕು ಚಹಾ ಕುಡಿದು, ಆಮೇಲೆ ಅಳಲು ಶುರು ಮಾಡುತ್ತಾನೆ. ದೇವರು ಕೊಟ್ಟದ್ದನ್ನು ಎದುರಿಗಿದ್ದವರ ಮುಂದೆ ಇಲ್ಲ ಎನ್ನುವುದು ಉಪಕಾರಗೇಡಿತನ. ಕಷ್ಟದ ಮಾತೆತ್ತಲು ಮೂರನೆಯ ಲೋಟದ ಚಹಾ ಮುಗಿಯಬೇಕು. ಕಚೇರಿಯ ಡೈರೆಕ್ಟರು ಮುಫದ್ದಲ್ ಸಾಹೇಬರಿಗೆ ಇದು ಗೊತ್ತಿರಲಿಲ್ಲವೆ? ಅವರೇನು ಚಂದ್ರಲೋಕದಿಂದ ಇಳಿದವರೆ? ಗುಡ್ಡದಾಚೆಯ ಊರಿನವರು, ಹುಟ್ಟಿದಂದಿನಿಂದ ಬಿಖೀರ್ ಎಂದೇ ಬೆಳೆದವರು. ಗೊತ್ತಿದ್ದೇ ಕೇಳಿದರು. ಮುದುಕನ ಮರ್ಯಾದೆಯನ್ನೇ ಊರಿನ ಹೆಬ್ಬೆಟ್ಟು ಮಾಡಿಕೊಂಡರು. ಕಳ್ಳತನಗಳಲ್ಲೆಲ್ಲ ಇಂಥದ್ದೇ ಹೇಸಿಗೆಯದು.

ಮಹ್ಜೂಬಾಳಿಗೆ ಮಾತ್ರ ತಲೆಗೆ ಹತ್ತಿದ್ದು ಚಹಾದ ಮಾತು.

"ಸಿಹಿಯಂತೆ! ಟ್ಯಾಂಕರಿನವನ ಕಾಲು ಹಿಡಿದು ತಂದ ನೀರು ಅದು. ಜ್ವರ ಬಂದಾಗ ನಾನು ಕುಡೀಲಿಲ್ಲ, ಗುಡಾಣ ಮುಟ್ಟಲಿಲ್ಲ. ಅದನ್ನ ಕುಡ್ದು ಬಾಯಿ ಒರೆಸ್ಕೊಂಡು ಹೋಗಿ ನಮ್ಮ ಬಾಯಿಗೇ ಮಣ್ಣು ಹಾಕಿದ್ನಲ್ಲ!"

"ಅಕ್ಕಾ, ಇನ್ನೂ ಮುಗ್ದಿಲ್ಲ," ಎಂದ ಬೂಜಮಾ. "ರಾಜಧಾನಿಯಿಂದ ಒಬ್ಬ ಮೇಡಂ ಬಂದಿದಾರೆ, ಲಾಲ್ಲಾ ಬುತೈನಾ ಅಂತ. ಹಿಂಗಾರಿನ ನೀರು ಹೇಗೆ ಬಿಡೋದು ಅಂತ ಹೇಳೋದು ಅವರೇ. ನಾನು ಕೂಗಿದ್ದು ಕೇಳಿ, 'ಹಂಗಾದ್ರೆ ನಾನೇ ಹೋಗಿ ಆ ನೀರುಗಂಟೀನ ಕೇಳ್ತೀನಿ' ಅಂದ್ರು. ಸೋಮವಾರ ಬರ್ತಾರೆ. ಡೈರೆಕ್ಟ್ರೂ ಜೊತೆಗೆ."

"ಬರ್ಲಿ," ಎಂದ ಫರಾಜಿ, ಮುಖ ಸ್ವಲ್ಪ ಅರಳಿತು. "ಕೂರಿಸಿ ಎಲ್ಲಾ ಹೇಳ್ತೀನಿ. ಮೂರನೇ ಲೋಟ ಆದ್ಮೇಲೆ."

"ಮೂರನೇ ಲೋಟ! ಹೋದ್ಸಲ ಎರಡನೇ ಲೋಟಕ್ಕೇ ಖರ್ಜೂರದ ಬುಟ್ಟಿ ಹೊತ್ಕೊಂಡು ಗಾಡಿ ಹತ್ತಿದ್ನಲ್ರೀ ಅವನು! ಬಂದ ತಕ್ಷಣ ಹೇಳಿ. ನೀರಿಲ್ಲ ಅಂತ ಹೇಳಿ. ನಾಲಿಗೆಗೆ ಏನು ಮೂಳೆ ಇದ್ಯಾ ನಿಮ್ಗೆ?"

"ಮನೆ ಹೊಸ್ತಿಲು ತುಳಿದೋರ ಮುಖಕ್ಕೆ ಇಲ್ಲ ಅನ್ನೋದಾ? ನಮ್ಮಪ್ಪ ಗೋರೀಲಿ ಮಗ್ಗುಲು ಬದಲಾಯಿಸ್ತಾನೆ, ಮಹ್ಜೂಬಾ."

"ನಿಮ್ಮಪ್ಪ ಮಗ್ಗುಲು ಬದಲಾಯಿಸಿದ್ರೆ ಪರವಾಗಿಲ್ಲ. ಅವನು ನೆಟ್ಟ ಮರಗಳು ಮಗ್ಗುಲಿಗೆ ಬೀಳ್ತಿದಾವೆ!"

ಫರಾಜಿ ನೆಲಕ್ಕೆ ಬಿದ್ದ ನಾರು ಎತ್ತಿಕೊಂಡ. ಊರಲ್ಲಿ ಸರದಿಯ ನೀರಿಗೆ ಸನಿಕೆ ಎತ್ತಿ ಹೊಡೆದಾಟಕ್ಕೆ ನಿಂತವರನ್ನು ಬರೀ ಮೆತ್ತನೆಯ ಮಾತಿನಿಂದ ಬೇರೆ ಮಾಡಿದ ಮನುಷ್ಯ ಅವನು. ಯಾರೊಬ್ಬರೂ ಅವನ ಬಾಯಿಂದ ಒರಟು ಮಾತು ಕೇಳಿರಲಿಲ್ಲ. ಆ ಬಾಯಿಗೆ ಇಲ್ಲ ಎಂಬ ಮಾತು ಬರಬೇಕಾದರೆ ಹಲ್ಲು ಕಿತ್ತಷ್ಟು ನೋವು. ಮಹ್ಜೂಬಾಳಿಗೆ ಅದು ಗೊತ್ತಿತ್ತು, ಅವನನ್ನು ಮೆಚ್ಚಿದ್ದೂ ಅದಕ್ಕೇ. ಈಗ ಅದೇ ಗುಣ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಸೋಮವಾರ ಎರಡು ಗಾಡಿ ಧೂಳೆಬ್ಬಿಸಿಕೊಂಡು ಬಂದವು. ಡೈರೆಕ್ಟರು ಜಾಣರು, ಮೇಲಿನ ಮನೆಗಳವರು ಕೊಡದಲ್ಲಿ ನೀರು ಹೊತ್ತು ಹಸಿರಾಗಿ ಉಳಿಸಿಕೊಂಡಿದ್ದ ನಾಲ್ಕು ಮರಗಳ ಪಕ್ಕದಿಂದಲೇ ಮೇಡಮ್ಮನ್ನು ಕರೆತಂದಿದ್ದರು. ಹೊಳೆ ಯಾಕೆ ಒಣಗಿದೆ ಎಂದು ಆಕೆ ಕೇಳಿದ್ದಕ್ಕೆ, ನೀರು ಬಂದು ಹೋಗಿ ತಿಂಗಳಾಯಿತಲ್ಲ ಎಂದಿದ್ದರಂತೆ. ಎಣ್ಣೆ ಹಚ್ಚಿದ ಮಾತಿಗೆ ಅವರಲ್ಲಿ ಬರವಿರಲಿಲ್ಲ.

ನಡುಮನೆಯಲ್ಲಿ ಕಂಬಳಿ ಹಾಸಿತ್ತು. ಡೈರೆಕ್ಟರು ದಿಂಬಿಗೆ ಒರಗಿ ಸ್ವಂತ ಮನೆಯೆಂಬಂತೆ ಕೂತರು. ಲಾಲ್ಲಾ ಬುತೈನಾ ಮಂಡಿ ಮಡಚಿ ಕೂತು ಸುತ್ತ ನೋಡುತ್ತಿದ್ದರು, ನಡುವಯಸ್ಸಿನ, ಮಾತು ಕಡಿಮೆಯ ಹೆಂಗಸು. ಬೂಜಮಾ ಬಾಗಿಲಲ್ಲಿ ನಿಂತ.

"ಸೀ ಫರಾಜಿ! ಎಷ್ಟು ದಿನ ಆಯ್ತು ನೋಡಿ. ಆರೋಗ್ಯವಾ?" ಎಂದರು ಡೈರೆಕ್ಟರು. ಗಂಡಸರನ್ನು ಸೀ, ಹೆಂಗಸರನ್ನು ಲಾಲ್ಲಾ ಎಂದು ಸೇರಿಸಿ ಕರೆಯುವುದು ಅಲ್ಲಿನ ಮರ್ಯಾದೆ.

"ಬಿಖೀರ್, ಸೀ ಮುಫದ್ದಲ್, ದೇವರ ದಯ."

"ಮನೆ, ಮಕ್ಕಳು?"

"ಬಿಖೀರ್."

"ನೀರು?"

ಅಡುಗೆಮನೆಯ ಪರದೆಯ ಹಿಂದೆ ಮಹ್ಜೂಬಾ ಉಸಿರು ಹಿಡಿದು ನಿಂತಳು. ಹೇಳ್ರೀ, ಹೇಳಿ ಎಂದು ತುಟಿಯಲ್ಲೇ ಅಂದಳು. ಫರಾಜಿ ಗಂಟಲು ಸರಿ ಮಾಡಿಕೊಂಡ. ಅತಿಥಿಯ ಮುಖ ನೋಡಿದ. ಬಾಯಿ ತೆರೆದ. ತೆರೆದ ಬಾಯಿಂದ ತನ್ನಷ್ಟಕ್ಕೆ ತಾನೇ ಬಂದುಬಿಟ್ಟಿತು: "ಬಿಖೀರ್... ದೇವರ ದಯ."

"ಕೇಳಿಸ್ಕೊಂಡ್ರಲ್ಲ ಮೇಡಂ," ಎಂದರು ಡೈರೆಕ್ಟರು.

ಬೂಜಮಾ ಹಣೆ ಚಚ್ಚಿಕೊಂಡ. ಮಹ್ಜೂಬಾ ಚಚ್ಚಿಕೊಳ್ಳಲಿಲ್ಲ. ಗಂಡನ ನಾಲಿಗೆಯ ಮೇಲೆ ಅವಳಿಗೆ ಎಳ್ಳಷ್ಟೂ ಭರವಸೆ ಇರಲಿಲ್ಲ, ಆದ್ದರಿಂದ ಬೆಳಿಗ್ಗೆಯೇ ಒಂದು ನಿರ್ಧಾರ ಮಾಡಿಕೊಂಡಿದ್ದಳು. ಗುಡಾಣದ ಬಟ್ಟೆ ಬಿಚ್ಚಿರಲಿಲ್ಲ. ಬಾವಿಗೆ ಹಗ್ಗ ಇಳಿಸಿ ಮನೆಯವರು ಕುಡಿಯುವ ನೀರನ್ನೇ ಸೇದಿ, ಅದರಲ್ಲೇ ಚಹಾಕ್ಕೆ ಇಟ್ಟಿದ್ದಳು. ಸಕ್ಕರೆ ಗಟ್ಟಿ ಒಡೆದು ಹಾಕುವಾಗ ಕೈ ಬಿಗಿ ಹಿಡಿಯಲಿಲ್ಲ, ಪುದೀನವನ್ನೂ ತಾಜಾ ನೋಡಿಯೇ ಹಾಕಿದ್ದಳು, ಮರ್ಯಾದೆಯಲ್ಲಿ ಒಂದು ಚೂರೂ ಕಡಿಮೆ ಮಾಡಲಿಲ್ಲ. 'ಉಪ್ಪು ತಿಂದವರು ನೀರು ಕುಡೀಲೇಬೇಕು,' ಎಂದುಕೊಂಡು ತಟ್ಟೆ ಎತ್ತಿಕೊಂಡು ಹೋಗಿ ಗಂಡನ ಮುಂದೆ ಇಟ್ಟಳು.

ಚಹಾ ಬಗ್ಗಿಸುವವನು ಮೊದಲು ತಾನು ರುಚಿ ನೋಡಬೇಕು. ಫರಾಜಿ ಒಂದು ತೊಟ್ಟು ಲೋಟಕ್ಕೆ ಹಾಕಿ ಬಾಯಿಗಿಟ್ಟ. ಇಟ್ಟ ಲೋಟವನ್ನು ಹಾಗೇ ಹಿಡಿದುಕೊಂಡ. ಸಕ್ಕರೆಯ ಅಡಿಯಿಂದ ಉಪ್ಪು ಎದ್ದು ಬಂತು, ಅದರ ಹಿಂದೆ ಕಹಿ. ದಿನಾ ಕುಡಿಯುವ ರುಚಿಯೇ, ಆದರೆ ಅತಿಥಿಯ ಲೋಟದಲ್ಲಿ! ಅವನು ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವಳು ಕಣ್ಣು ಕೆಳಗೆ ಮಾಡಲಿಲ್ಲ.

ತಪ್ಪಾಗಿದೆ, ಬೇರೆ ಮಾಡಿಕೊಂಡು ಬಾ ಎನ್ನಬಹುದಿತ್ತು. ಹಾಗಂದಿದ್ದರೆ ಮನೆಯ ಮಾನ ಉಳಿಯುತ್ತಿತ್ತು, ಮೂಲೆಯ ಗುಡಾಣದಲ್ಲಿ ಸಿಹಿನೀರೂ ಇತ್ತು. ಫರಾಜಿ ಹಾಗನ್ನದೆ ಕೆಟಲಿಯನ್ನು ಎತ್ತರಕ್ಕೆ ಎತ್ತಿ, ಯಾವಾಗಿನಂತೆ ನೊರೆ ಏಳುವ ಹಾಗೆ ಸಣ್ಣ ಧಾರೆಯಲ್ಲಿ, ಎಲ್ಲರ ಲೋಟಕ್ಕೂ ಬಗ್ಗಿಸಿದ.

"ಬಿಸ್ಮಿಲ್ಲಾ," ಎಂದ.

ಡೈರೆಕ್ಟರು ರೂಢಿಯಂತೆ ಸುರ್ರೆಂದು ಒಂದು ದೊಡ್ಡ ಗುಟುಕೆಳೆದರು. ಅವರ ಗಂಟಲಿನ ಗುಂಡು ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಕಣ್ಣಲ್ಲಿ ನೀರಾಡಿತು. ಆದರೂ ಹುಟ್ಟಿನಿಂದ ಬಂದ ಅಭ್ಯಾಸ ಎಲ್ಲಿ ಹೋಗುತ್ತದೆ? ನುಂಗಿದರು, ನಕ್ಕರು.

"ಆಹಾ, ಚೆನ್ನಾಗಿದೆ. ಲಾಲ್ಲಾ ಮಹ್ಜೂಬಾ ಕೈಗೆ ದೇವರು ಬರಕತ್ತು ಕೊಡ್ಲಿ."

ಲಾಲ್ಲಾ ಬುತೈನಾ ತುಟಿಗೆ ಮುಟ್ಟಿಸಿದ ಲೋಟವನ್ನು ಕೆಳಗಿಟ್ಟು ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ಅಂಚಿನಿಂದ ಬಾಯಿ ಒತ್ತಿಕೊಂಡರು. ಲೋಟ ನೋಡಿದರು, ಡೈರೆಕ್ಟರನ್ನು ನೋಡಿದರು.

"ಚೆನ್ನಾಗಿದ್ಯಾ?" ಎಂದು ಕೇಳಿದರು.

"ಹಾಂ... ಅಂದ್ರೆ..."

"ಹಂಗಾದ್ರೆ ಇನ್ನೊಂದು ಲೋಟ, ಸೀ ಮುಫದ್ದಲ್," ಎಂದು ಫರಾಜಿ ಕೆಟಲಿ ಎತ್ತಿದ.

"ಬೇಡ ಬೇಡ, ಸಾಕು!" ಡೈರೆಕ್ಟರು ಲೋಟದ ಮೇಲೆ ಅಂಗೈ ಮುಚ್ಚಿದರು.

"ಇದು ಬರೀ ಉಪ್ಪು. ನೀವು ಚೆನ್ನಾಗಿದೆ ಅಂದ್ರಲ್ಲ?" ಎಂದರು ಲಾಲ್ಲಾ ಬುತೈನಾ.

"ಅಯ್ಯೋ ಮೇಡಂ, ಒಬ್ಬರ ಮನೆಗೆ ಬಂದು ಕೂತು ಇನ್ನೇನು ಅನ್ನೋಕಾಗುತ್ತೆ? ಮರ್ಯಾದೆಗೆ ಅಂದೆ."

ಫರಾಜಿ ಕೆಟಲಿಯನ್ನು ಮೆಲ್ಲಗೆ ತಟ್ಟೆಯ ಮೇಲಿಟ್ಟ.

"ನಾನೂ ಮರ್ಯಾದೆಗೇ ಅಂದೆ, ಸೀ ಮುಫದ್ದಲ್. ಮೂರು ಸಲಾನೂ ಫೋನಲ್ಲಿ. ಈಗ ಇಲ್ಲಿ ಕೂತೂ."

ಡೈರೆಕ್ಟರ ಮುಖ ಬಿಳುಚಿತು, ಆಮೇಲೆ ಕೆಂಪಾಯಿತು. ಏನೋ ಹೇಳಲು ಬಾಯಿ ತೆಗೆದರು. ಅಷ್ಟರಲ್ಲಿ ಮಹ್ಜೂಬಾಳ ಕಟ್ಟೆ ಒಡೆಯಿತು.

"ಇದೇ ನಮ್ಮ ಬಾವೀದು. ಇದನ್ನೇ ನಾವು ಕುಡಿಯೋದು, ಇದನ್ನೇ ಮೇಕೆ ಕುಡಿಯೋದು. ಹೋದ್ಸಲ ನಿಮ್ಗೆ ಸಿಹಿನೀರು ಕೊಟ್ಟೆ ಕಣಪ್ಪಾ, ಕೊಂಡು ತಂದು ಕೊಟ್ಟೆ, ನನ್ನ ಬಾಯಿ ಕಟ್ಕೊಂಡು ಕೊಟ್ಟೆ! ಅದನ್ನೇ ಹೋಗಿ ಸಭೇಲಿ ಸಾಕ್ಷಿ ಹೇಳ್ಸಿದ್ಯಲ್ಲ, ನಿಮ್ಮಮ್ಮ ನಿಂಗೆ ಬಿಖೀರ್ ಅನ್ನೋದು ಕಲಿಸ್ಲಿಲ್ವಾ? ಯಾಕಂತಾರೆ ಅಂತ ಕಲಿಸ್ಲಿಲ್ವಾ? ನಮ್ಮ ಒಳ್ಳೇತನಾನೇ ಕೊಡ್ಲಿ ಮಾಡ್ಕೊಂಡು ನಮ್ಮ ಮರ ಕಡಿಯೋಕೆ ಬಂದ್ಯಾ?"

"ಮಹ್ಜೂಬಾ," ಎಂದ ಫರಾಜಿ ಅಭ್ಯಾಸಬಲದಿಂದ. ಆದರೆ ಸಾಕು ಎನ್ನಲಿಲ್ಲ.

ಲಾಲ್ಲಾ ಬುತೈನಾ ಎದ್ದು, ಕೆಳಗಿನ ತೋಟ ಎಲ್ಲಿದೆ ತೋರಿಸಿ ಎಂದರು. ಬೂಜಮಾ ಮುಂದೆ, ಅವರು ಹಿಂದೆ. ಜೋತು ಬಿದ್ದ ಗರಿಗಳ ಅಡಿಯಲ್ಲಿ ಅವರು ಬಹಳ ಹೊತ್ತು ನಿಂತಿದ್ದರು, ಒಂದು ಮರದ ಸುಳಿಗೆ ಕೈ ಹಾಕಿ ನೋಡಿದರು, ಅದು ಕೈಯಲ್ಲೇ ಕಿತ್ತು ಬಂತು. ಡೈರೆಕ್ಟರು ಗಾಡಿಯ ನೆರಳಿನಲ್ಲಿ ಫೋನು ನೋಡುತ್ತ ನಿಂತಿದ್ದರು. ಆ ದಿನ ಅವರ ಗಾಡಿಗೆ ಖರ್ಜೂರದ ಬುಟ್ಟಿ ಹತ್ತಲಿಲ್ಲ.

ಹಿಂಗಾರಿನ ನೀರನ್ನು ತುಂಡು ಮಾಡಬಾರದು, ಒಂದೇ ಏಟಿಗೆ ಬಿಟ್ಟು ಬಾಲದಿಂದ ಶುರು ಮಾಡಬೇಕು ಎಂದು ಅಪ್ಪಣೆಯಾಯಿತು. ಡೈರೆಕ್ಟರಿಗೇನೂ ಆಗಲಿಲ್ಲ. ಅಂಥವರಿಗೆ ಎಲ್ಲಿ ಏನಾಗುತ್ತದೆ? ಅದೇ ಕುರ್ಚಿ, ಅದೇ ಕಚೇರಿ, ಬಾಗಿಲು ತೆರೆಯುವ ಮುಚ್ಚುವ ಕೀಲಿಯೂ ಅವರದೇ ಕೈಯಲ್ಲಿ.

ನೀರು ಬಂದ ದಿನ ಊರಿಗೆ ಊರೇ ಒಡ್ಡಿನ ಮೇಲಿತ್ತು. ಮೊದಲು ನೊರೆ ಕಂಡಿತು, ಆಮೇಲೆ ಕಸಕಡ್ಡಿ ಹೊತ್ತ ಕೆಂಪು ನೀರು, ಹಾದಿ ಮರೆತವರ ಹಾಗೆ ಅಲ್ಲಲ್ಲಿ ನಿಂತು ನಿಂತು ಬಂತು. ಹೆಂಗಸರು ದಫ್ಫು ಬಾರಿಸಿದರು. ಮಹ್ಜೂಬಾ ನೀರಿಗಿಳಿದು, ಹೊಸ ಬಟ್ಟಲಿನ ಗೋರಂಟಿಯನ್ನು ಅದರ ನೆತ್ತಿಗೆ ಸುರಿದು, ಅಳುತ್ತ ನಗುತ್ತ ಬೈಯುತ್ತ ನಿಂತಳು. ಮೇಲಿನ ತೋಟದ ಕಾಲುವೆಗೆ ನೀರು ಹೊಕ್ಕಿತು. ಕೆಳಗಿನ ತೋಟಕ್ಕೆ ಇನ್ನೂ ಹೋಗಬೇಕಿತ್ತು, ಅಷ್ಟರಲ್ಲಿ ಹೊಳೆಯ ಭರ ತಗ್ಗಿದ ಹಾಗೆ ಕಂಡಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗಲೇ ಫರಾಜಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಸೀ ಫರಾಜಿ! ಆರೋಗ್ಯವಾ?" ಅದೇ ಸಕ್ಕರೆಯಂಥ ದನಿ, ಏನೂ ಆಗಿಯೇ ಇಲ್ಲವೆಂಬಂತೆ.

"ಬಿಖೀರ್, ಸೀ ಮುಫದ್ದಲ್."

"ಮನೆ?"

"ಬಿಖೀರ್. ನಿಮ್ಮ ತಾಯಿಗೆ ಸಲಾಮು ಹೇಳಿ."

"ನೀರು? ಬಂತಲ್ಲ? ಹಂಗಾದ್ರೆ ಬಾಗಿಲು ಮುಚ್ಚೋಕೆ ಹೇಳ್ಲಾ?"

ಫರಾಜಿ ನೀರಲ್ಲಿ ನಿಂತಿದ್ದ ತನ್ನ ಕಾಲು ನೋಡಿಕೊಂಡ. ನೀರು ಹರಡಿನ ಮೇಲೆ ಏರಿರಲಿಲ್ಲ. ಅವನ ತುಟಿ ಹಳೆಯ ಮಾತಿಗೆ ಸಿದ್ಧವಾಯಿತು. ಮಹ್ಜೂಬಾ ಅವನನ್ನೇ ನೋಡುತ್ತಿದ್ದಳು, ಈ ಸಲ ಅವಳ ಕೈಯಲ್ಲಿ ಬಾವಿಯ ಚಹಾ ಇರಲಿಲ್ಲ.

"ಸಾಲ್ದು," ಎಂದ ಫರಾಜಿ.

ಆ ಮಾತಿಗೆ ಏನು ಉತ್ತರ ಕೊಡಬೇಕೆಂದು ಆ ಸೀಮೆಯಲ್ಲಿ ಯಾರಿಗೂ ಕಲಿಸಿರಲಿಲ್ಲ.

"ಸಾಲ್ದು, ಸೀ ಮುಫದ್ದಲ್. ಕೇಳಿಸ್ತಾ? ನಾವು ಬಿಖೀರ್. ನೀರು ಸಾಲ್ದು. ಕೆಳಗಿನ ತೋಟಕ್ಕೆ ಮುಟ್ಟಿಲ್ಲ. ಬಾಗಿಲು ಮುಚ್ಬೇಡಿ."

"ನೋಡೋಣ, ಸೀ ಫರಾಜಿ, ನೋಡೋಣ..."

"ನೋಡೋದಲ್ಲ, ಬಿಡಿ!"

ಆ ದನಿ ಕೇಳಿ ಒಡ್ಡಿನ ಮೇಲಿನ ದಫ್ಫುಗಳೆಲ್ಲ ಒಮ್ಮೆಗೇ ನಿಂತವು. ಫರಾಜಿ ಇಷ್ಟು ಗಟ್ಟಿಯಾಗಿ ಕೂಗಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ, ಹೆಂಡತಿಯೂ ಕೇಳಿರಲಿಲ್ಲ. ಮುದುಕನ ಕಿವಿ ಕೆಂಪೇರಿತ್ತು. ಆದರೆ ಅವನು ಫೋನು ಇಡಲಿಲ್ಲ. ಆ ಕಡೆಯವರು ಆಯಿತು ಎನ್ನುವ ತನಕ ಹೊಳೆಯ ನಡುವೆ ಹಾಗೇ ನಿಂತಿದ್ದ.